ರಂಜಿತ ಕಲಿಯಬೇಕಾದ ಭಾಷೆ

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಹುರುಳಿಕಾಳಿನ ಬಸ್ಸಾರು, ಮುದ್ದೆ. ರಂಜಿತ ಮೊದಲ ತುತ್ತು ನುಂಗಿ, "ಮಂಡ್ಯದಲ್ಲಿ ಭಾಷೆ ಕಲಿಸೋ ಕ್ಲಾಸಿಗೆ ಸೇರ್ತಾ ಇವ್ನಿ," ಅಂದಳು. "ಯಾವ ಭಾಷೆ ಅಂತ ತಿಂಗಳ ಕೊನೆಯೊಳಗೆ ಬರ್ಕೊಡಬೇಕಂತೆ."

ಅವಳ ಅಣ್ಣ ಸಂತೋಷ್ ಸಾರಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡ. "ಯಾವ್ಯಾವುದವೆ?"

"ಎರಡೇ. ಜಪಾನಿ, ಇಲ್ಲ ಸ್ಪ್ಯಾನಿಷ್."

"ಕಲಿತ್ರೆ ಏನ್ ಸಿಕ್ತದೆ?"

"ಜಪಾನಿ ಕಲಿತ್ರೆ ಜಪಾನಿಗೇ ಓಗ್ಬೇಕು. ಅಲ್ಲಿ ವಯಸ್ಸಾದೋರನ್ನ ನೋಡ್ಕೊಳ್ಳೋ ಕೆಲಸ. ಐದು ವರ್ಷ. ನನ್ನಂಗೆ ನರ್ಸಾಗಿರೋರಿಗೆ ಬೇಗ ಸಿಕ್ತದಂತೆ. ಸ್ಪ್ಯಾನಿಷ್ ಆದ್ರೆ ಮೈಸೂರಲ್ಲೇ ಒಂದು ಕಂಪನಿ ಅದೆ. ಬೇರೆ ದೇಶದ ಆಸ್ಪತ್ರೆಗಳ ರೋಗಿಗಳ ಜೊತೆ ಇಲ್ಲಿಂದ್ಲೇ ಫೋನಲ್ಲಿ ಮಾತಾಡೋದು. ದಿನಾ ಮದ್ದೂರಿಂದ ರೈಲಲ್ಲಿ ಓಗ್ ಬಂದ್ಬುಡಬೋದು. ಆದ್ರೆ ಕಲಿಯಕ್ಕೆ ಎರಡು ವರ್ಷ ಹಿಡೀತದೆ. ಸಂಬಳಾನೂ ಕಮ್ಮಿ."

ತಾಯಿ ಮಂಗಳಮ್ಮ ಯೋಚನೆಗೇ ಹೋಗಲಿಲ್ಲ. "ಸ್ಪಾನಿಸೇ ಕಲಿ," ಅಂದಳು.

"ಅದೇನಂತ ಗೊತ್ತಾ ಅವ್ವ ನಿಂಗೆ?"

"ಏನಾರ ಆಗ್ಲಿ. ಸಂಜೆಗೆ ಮನೇಗ್ ಬತ್ತೀಯಲ್ಲ, ಅದೇ ಒಳ್ಳೇ ಭಾಷೆ."

ಸಂತೋಷ್ ನಕ್ಕ. "ಅವ್ವ ಯೋಳಿದ್ದೇ ಸರಿ ಕಣಮ್ಮಿ. ಆ ದೇಸದ ಮುದುಕ್ರನ್ನ ನೋಡ್ಕೊಳಕ್ಕೆ ಇಲ್ಲಿಂದ ನೀನ್ ಓಗ್ಬೇಕಾ? ನಮ್ಮ ಮನೇಲೇ ಒಬ್ರವ್ರೆ."

ಆ ಒಬ್ಬರು ಒಳಗಿನ ಕೋಣೆಯಿಂದ ಕೂಗಿದರು. "ಸೋಮವಾರ! ಸೋಮವಾರ!"

ರಂಜಿತ ಅರ್ಧ ಊಟಕ್ಕೇ ಎದ್ದು ಕೈತೊಳೆದುಕೊಂಡು ಓಡಿದಳು. ಆ ಮನೆಯಲ್ಲಿ ಸೋಮವಾರ ಅಂದರೆ ಅವಳ ಅಪ್ಪ ಬೋರಯ್ಯನಿಗೆ ಉಚ್ಚೆಗೆ ಅವಸರವಾಗಿದೆ ಎಂದು ಅರ್ಥ.

ಅವಳು ತಿರುಗಿ ಬರುವ ಹೊತ್ತಿಗೆ ಅಣ್ಣ ಎದ್ದು ಆಲೆಮನೆಗೆ ಹೊರಟಿದ್ದ. ಅತ್ತಿಗೆ ಮೋಹಿನಿ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, ಯಾರ ಮುಖವನ್ನೂ ನೋಡದೆ, "ನನ್ನ ಕೇಳಿದ್ರೆ ಜಪಾನಿ ಅಂತೀನಿ," ಅಂದಳು.

"ನಿನ್ ಯಾರ್ ಕೇಳುದ್ರು?" ಅಂದಳು ಮಂಗಳಮ್ಮ.

ಮೋಹಿನಿ ತಟ್ಟೆ ತೆಗೆದುಕೊಂಡು ಬಚ್ಚಲಿಗೆ ಹೋದಳು.

ಚಿಕ್ಕರಸಿನಕೆರೆಯಲ್ಲಿ ಬೋರಯ್ಯನ ದನಿ ಕೇಳದವರು ಇರಲಿಲ್ಲ. ನಾಲೆ ಏರಿಯ ಮೇಲೆ ನಿಂತು ಕೂಗಿದರೆ ಮನೆಯ ಹಿತ್ತಲಿಗೆ ಕೇಳುತ್ತಿತ್ತು. ನಾಲ್ಕು ವರ್ಷದ ಹಿಂದೆ ರಂಜಿತ ಮಂಡ್ಯದ ಗಂಡನ ಮನೆ ಬಿಟ್ಟು ಒಂದು ಬ್ಯಾಗು ಹಿಡಿದು ಬಂದಾಗ, ರಾಜಿ ಮಾಡಿಸುತ್ತೇವೆಂದು ಐದಾರು ಜನ ಬಂದು ಜಗಲಿಯ ಮೇಲೆ ಕೂತಿದ್ದರು. ಬೋರಯ್ಯ ಅವರಿಗೆ ಕಾಫಿ ಕೊಡಿಸಿ, ಕುಡಿದು ಮುಗಿಸುವ ತನಕ ಸುಮ್ಮನಿದ್ದು, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ, "ನನ್ ಮಗ್ಳು ನನ್ ಅಟ್ಟೀಲವ್ಳೆ. ಇದ್ರಲ್ಲಿ ಯಾರ್ಗೇನ್ ತೊಂದ್ರೆ?" ಅಂದಿದ್ದ. ಕೋರ್ಟಿನಲ್ಲಿ ಎಲ್ಲ ಮುಗಿಯಲು ಎರಡು ವರ್ಷ ಹಿಡಿಯಿತು. ಊರಲ್ಲಿ ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಅದು ಮುಗಿದ ಮೂರನೇ ತಿಂಗಳಿಗೆ ಬೋರಯ್ಯ ಆಲೆಮನೆಯ ಕೊಪ್ಪರಿಗೆಯ ಪಕ್ಕ ಕುಸಿದು ಬಿದ್ದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಗಲಿಲ್ಲ, ಕಲಸಿಹೋಯಿತು. ಹತ್ತು ಹದಿನೈದು ಪದ ಉಳಿದಿದ್ದವು. ಅವೂ ತಮ್ಮ ತಮ್ಮ ಜಾಗದಲ್ಲಿರಲಿಲ್ಲ. ನೀರು ಬೇಕಾದರೆ ನಾಲೆ ಅನ್ನುತ್ತಿದ್ದ. ಹೊಟ್ಟೆ ನೋವಿಗೆ ಬೀಗರು ಅನ್ನುತ್ತಿದ್ದ. ಮಂಗಳಮ್ಮ ಅಳುತ್ತಿದ್ದಳು, ಸಂತೋಷ್ ಇದ್ದಬದ್ದದ್ದನ್ನೆಲ್ಲ ತಂದು ತೋರಿಸಿ ಇದಾ, ಇದಾ ಎಂದು ಕೇಳಿ ಕೊನೆಗೆ ರೇಗುತ್ತಿದ್ದ. ರಂಜಿತ ಮಾತ್ರ ಪಕ್ಕದಲ್ಲಿ ಕೂತು ಒಂದೊಂದೇ ಪದ ಬಿಡಿಸಿಕೊಂಡಳು. ಮಂಡ್ಯದ ದೊಡ್ಡ ಆಸ್ಪತ್ರೆಯ ಕೆಲಸ ಬಿಟ್ಟು ಮದ್ದೂರಿನ ಚಿಕ್ಕದೊಂದು ನರ್ಸಿಂಗ್ ಹೋಮಿಗೆ ಬೆಳಗಿನ ಪಾಳಿಗೆ ಸೇರಿದಳು. ಎರಡು ಗಂಟೆಗೆಲ್ಲ ಮನೆಗೆ ಬಂದುಬಿಡಬಹುದಿತ್ತು. ಬಂದವರು ಹೋದವರು ಅಪ್ಪನ ಮುಂದೆ ನಿಂತು ಲೊಚಗುಟ್ಟುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ಹಾಗಾಗಿ ಅವನ ಮಂಚವನ್ನು ಒಳಗಿನ ತನ್ನ ಕೋಣೆಗೆ ಹಾಕಿಸಿ, ಯಾರಾದರೂ ನೋಡಲು ಬಂದರೆ "ಮಲಗವ್ರೆ" ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದಳು.

ಊರವರು ಹೇಳುತ್ತಿದ್ದರು, ಬೋರಯ್ಯನ ಮಾತು ಈಗ ಅವನ ಮಗಳ ಹತ್ತಿರ ಇದೆ ಅಂತ. ಅದನ್ನು ಕೇಳಿದಾಗ ರಂಜಿತಳಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಬೇರೆ ಹೆಮ್ಮೆಪಡುವಂಥದ್ದು ಅವಳ ಬಳಿ ಹೆಚ್ಚೇನೂ ಇರಲಿಲ್ಲ. ಮೂವತ್ತೊಂದು ವಯಸ್ಸು. ಓರಗೆಯ ಗೆಳತಿಯರು ಮಕ್ಕಳ ಶಾಲೆಯ ಮಾತಾಡುತ್ತಿದ್ದರು. ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತರೆ ಮಾತಾಡಿಸುವವರು ಕಂಡಕ್ಟರೊಬ್ಬನೇ, ಅದೂ ಚಿಲ್ಲರೆಗೆ.

ಕ್ಲಾಸು ಮಂಡ್ಯದ ನೂರಡಿ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೊದಲ ಎರಡು ವಾರ ಎರಡೂ ಭಾಷೆಯ ಪಾಠ ಕೇಳಬಹುದಿತ್ತು. ಸ್ಪ್ಯಾನಿಷ್ ಕಲಿಸುವ ಸ್ವರೂಪ್ ಎಂಬಾತ ನಗುನಗುತ್ತ ಹಾಡಿನ ಹಾಗೆ ಪಾಠ ಮಾಡುತ್ತಿದ್ದ. ಬರೆದ ಹಾಗೇ ಓದುವ ಭಾಷೆ, ರಂಜಿತಳ ನಾಲಿಗೆಗೆ ಬೇಗ ಹೊಂದಿತು. ಜಪಾನಿ ಕಲಿಸುವ ನಾಗಶ್ರೀ ಮೇಡಂ ಏಳು ವರ್ಷ ಅಲ್ಲೇ ಕೆಲಸ ಮಾಡಿ ಬಂದವರು. ಅವರು ಹೆಚ್ಚು ನಗುತ್ತಿರಲಿಲ್ಲ. ಮೂರು ಥರದ ಅಕ್ಷರ ಕಲಿಯಬೇಕು, ಮೂರನೆಯದು ಮುಗಿಯುವುದೇ ಇಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟರು. ಇಪ್ಪತ್ತೆರಡು ಜನರಲ್ಲಿ ಆರು ಜನ ಮಾರನೇ ದಿನ ಬರಲಿಲ್ಲ.

ರಂಜಿತ ಸಂಜೆ ಮನೆಗೆ ಬಂದು ಅಪ್ಪನಿಗೆ ಗಂಜಿ ಕುಡಿಸುತ್ತ ಎರಡನ್ನೂ ಒಪ್ಪಿಸುತ್ತಿದ್ದಳು.

"ನೀರಿಗೆ ಜಪಾನಲ್ಲಿ ಮಿಜು ಅಂತಾರಪ್ಪ. ಮಿ-ಜು."

ಬೋರಯ್ಯ ಅವಳ ತುಟಿಯನ್ನೇ ನೋಡಿದ.

"ಸ್ಪ್ಯಾನಿಷಲ್ಲಿ ಅಗ್ವಾ. ಅಗ್... ವಾ."

ಬೋರಯ್ಯನ ಮುಖದ ಎಡಭಾಗ ಮೊದಲು ಅಲುಗಿತು. ಆಮೇಲೆ ಅವನು ನಕ್ಕ. ಹೊಟ್ಟೆ ಕುಲುಕುವಂತೆ, ಗಂಜಿ ಗದ್ದಕ್ಕೆ ಇಳಿಯುವಂತೆ ನಕ್ಕ. ಬಾಗಿಲಲ್ಲಿ ನಿಂತಿದ್ದ ಮೋಹಿನಿಯ ಮಗಳು ಆಶ್ರಿತಾ, ಮೂರನೇ ಕ್ಲಾಸಿನವಳು, "ತಾತ ನಗ್ತಾ ಅದೆ!" ಎಂದು ಮನೆಯಿಡೀ ಕೂಗಿಕೊಂಡು ಓಡಿದಳು. ಮಂಗಳಮ್ಮ ಮಂಡಿ ನೋವನ್ನೂ ಮರೆತು ಎದ್ದು ಬಂದಳು.

"ಇನ್ನೊಂದ್ ಕಿತ ಅನ್ನಮ್ಮಿ ಅದ್ನ."

"ಅಗ್ವಾ."

ಅವನು ಮತ್ತೆ ನಕ್ಕ. ಮಂಗಳಮ್ಮ ಸೆರಗಿನಲ್ಲಿ ಅವನ ಗದ್ದ ಒರೆಸಿ, "ನೋಡ್ದಾ? ಅವನ್ಗೂ ಅದೇ ಇಷ್ಟ. ಮುಗೀತಲ್ಲ," ಅಂದಳು. ಮಾರನೇ ದಿನದಿಂದ ಮನೆಯಲ್ಲಿ ಸ್ಪ್ಯಾನಿಷ್ ಎಂದೇ ತೀರ್ಮಾನವಾಯಿತು. ರೈಲಿನ ಪಾಸು ಮಾಡಿಸಲು ಫೋಟೋ ಬೇಕಾ ಎಂದು ಸಂತೋಷ್ ವಿಚಾರಿಸಿದ. ಬೇಡ ಅನ್ನಲು ರಂಜಿತಳಿಗೂ ಕಾರಣವಿರಲಿಲ್ಲ. ಆ ಭಾಷೆ ಅವಳಿಗೆ ಹಿಡಿಸಿತ್ತು.

ಆದರೂ ಅತ್ತಿಗೆ ಅಂದ ಒಂದು ಮಾತು ಕೊರೆಯುತ್ತಿತ್ತು. ಗುರುವಾರ ಬೆಳಿಗ್ಗೆ ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಕೇಳಿಯೇಬಿಟ್ಟಳು.

"ಆವತ್ತು ಜಪಾನಿ ಅಂದ್ರಲ್ಲ ಅತ್ಗೆ, ಯಾಕೆ?"

ಮೋಹಿನಿ ಬೋರಯ್ಯನ ಹೊದಿಕೆಗೆ ಸೋಪು ಹಚ್ಚುತ್ತಿದ್ದಳು. "ಸುಮ್ನೆ ಅಂದೆ."

"ಸುಮ್ನೆ ಅನ್ನೋರಲ್ಲ ನೀವು. ನಾನು ದೂರ ಓದ್ರೆ ಸಾಕು ಅಂತ ಅಲ್ವಾ?"

"ಅಂಗೇ ಅನ್ಕೊ."

"ರೂಮಿಗೆ ತಾನೆ?"

ಮೋಹಿನಿ ಹೊದಿಕೆಯನ್ನು ಕಲ್ಲಿನ ಮೇಲೆ ಬಡಿದಳು. "ರೂಮಿಗೇ ಅಂತ ಇಟ್ಕೊ. ಮೂರು ಜನ ನಡುಮನೇಲಿ ಬಿದ್ಕೊಂಡಿವಿ. ಆಸ್ರಿತಂಗೆ ಓದ್ಕೊಳಕ್ಕೆ ಒಂದ್ ಮೂಲೆ ಇಲ್ಲ. ಅದನ್ನ ಕೇಳುದ್ರೆ ತಪ್ಪಾ?"

"ಅಪ್ಪನ್ನ ಎಲ್ಲಿಗ್ ಹಾಕ್ತೀರ? ಹಿತ್ತಲಿಗಾ?"

"ಬಾಯಿಗ್ ಬಂದಂಗ್ ಮಾತಾಡ್ಬೇಡ ರಂಜಿ!"

ಒಳಗಿನಿಂದ ಮಂಗಳಮ್ಮನ ದನಿ ಬಂತು. "ಏನಮ್ಮಿ ಅದು? ಮಾವನ್ ಮಂಚ ಹಿತ್ತಲಿಗ್ ಹಾಕ್ತಳಂತಾ? ಮಳವಳ್ಳಿಯೋರು ಇದೇ ಕಲ್ಸಿ ಕಳ್ಸವ್ರಾ?"

ತವರಿನ ಹೆಸರೆತ್ತಿದ್ದು ಮೋಹಿನಿಗೆ ನಾಟಿತು. ಹೊದಿಕೆ ಹಿಂಡಿ ತಂತಿಗೆ ಹಾಕಿ ಒಳಗೆ ಹೋದಳು. ಅವತ್ತು ಅವಳು ಅಡುಗೆ ಮಾಡಿ ಬಡಿಸಿ, ತಾನು ಎಲ್ಲರೂ ಎದ್ದ ಮೇಲೆ ಒಬ್ಬಳೇ ಕೂತು ಉಂಡಳು. ಮೂರು ದಿನ ಹಾಗೇ ನಡೆಯಿತು. ಸಂತೋಷ್ ಎರಡು ಕಡೆಗೂ ಸೇರದೆ ಆಲೆಮನೆಯಲ್ಲೇ ಹೆಚ್ಚು ಹೊತ್ತು ಕಳೆದ.

ಹೆಸರು ಬರೆದುಕೊಡುವ ಮುಂಚೆ ಜಪಾನಿ ಕಡೆಯವರಿಗೆ ಮೈಸೂರಿನಲ್ಲಿ ಐದು ದಿನದ ಶಿಬಿರವಿತ್ತು. ಕೆಲಸ ಹೇಗಿರುತ್ತದೆ ಎಂದು ತೋರಿಸುವುದಕ್ಕೆ. ರಂಜಿತ ಹೋಗುವುದಿಲ್ಲ ಅಂದಿದ್ದಳು. ನಾಗಶ್ರೀ ಮೇಡಂ ಫೋನು ಮಾಡಿ, "ಬಂದು ನೋಡಿ ಬೇಡ ಅನ್ನಿ. ನೋಡದೇ ಬೇಡ ಅನ್ನಬೇಡಿ," ಅಂದರು. ಮನೆಯಲ್ಲಿ ಮುಖ ಕೊಟ್ಟು ಮಾತಾಡದ ಅತ್ತಿಗೆಯ ಜೊತೆ ಇರುವುದಕ್ಕಿಂತ ಐದು ದಿನ ಹೊರಗಿದ್ದು ಬರುವುದೇ ಮೇಲು ಎಂದು ಅವಳಿಗೂ ಅನ್ನಿಸಿತು.

ಹೊರಡುವ ಮುನ್ನ ಆಶ್ರಿತಾಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಅಪ್ಪನ ಪದಗಳನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಆಶ್ರಿತಾ ಗಟ್ಟಿಯಾಗಿ ಓದಿದಳು.

"ನಾಲೆ ಅಂದ್ರೆ ನೀರು. ಸೋಮವಾರ ಅಂದ್ರೆ ಉಚ್ಚೆ. ಬೀಗರು ಅಂದ್ರೆ ಹೊಟ್ಟೆ ನೋವು. ಎತ್ತು ಅಂದ್ರೆ ಮಗ್ಗುಲು ತಿರುಗಿಸಬೇಕು. ಗಾಡಿ ಅಂದ್ರೆ ಟೀ."

"ಟೀನ ನಾಲ್ಕು ಗಂಟೆಗೆ ಕೇಳ್ತದೆ ತಾತ. ಸಕ್ಕರೆ ಕಮ್ಮಿ ಇರ್ಲಿ," ಅಂದಳು ರಂಜಿತ. "ಏನಾದ್ರೂ ಗೊತ್ತಾಗ್ದಿದ್ರೆ ಫೋನ್ ಮಾಡಿ. ಯಾವಾಗ್ಲಾದ್ರೂ ಸರಿ."

ಹೇಳಿದ್ದು ಮಂಗಳಮ್ಮನಿಗೆ. ಮೋಹಿನಿ ಒಲೆಯ ಮುಂದೆ ಬೆನ್ನು ತೋರಿಸಿಕೊಂಡು ನಿಂತಿದ್ದಳು.

ಶಿಬಿರದಲ್ಲಿ ಒಬ್ಬರು ರೋಗಿಯಂತೆ ಮಲಗಬೇಕು, ಇನ್ನೊಬ್ಬರು ನೋಡಿಕೊಳ್ಳಬೇಕು. ರಂಜಿತ ಚುರುಕಾಗಿದ್ದಳು. ಮಲಗಿದವಳು ಬಾಯಿ ತೆರೆಯುವ ಮುಂಚೆಯೇ ದಿಂಬು ಸರಿಮಾಡಿ, ಲೋಟ ಹಿಡಿದು, ಕಾಲು ಮಡಿಸಿ ತಿರುಗಿಸಿಬಿಟ್ಟಳು. ಉಳಿದವರು ಚಪ್ಪಾಳೆ ತಟ್ಟಿದರು. ನಾಗಶ್ರೀ ಮೇಡಂ ತಟ್ಟಲಿಲ್ಲ.

"ಅವರನ್ನ ಏನಾದ್ರೂ ಕೇಳಿದ್ರಾ?"

"ಗೊತ್ತಾಯ್ತು ಮೇಡಂ, ನೀರು ಬೇಕಿತ್ತು."

"ಅವರಿಗೆ ಕಿಟಕಿ ಮುಚ್ಚಬೇಕಿತ್ತು." ಮಲಗಿದ್ದ ಹುಡುಗಿ ಸಂಕೋಚದಿಂದ ತಲೆಯಾಡಿಸಿದಳು. "ನೀವು ಕೆಲಸ ಚೆನ್ನಾಗಿ ಮಾಡ್ತೀರ. ಆದ್ರೆ ಊಹೆ ಮಾಡ್ತೀರ. ಮೊದಲು ಕೇಳಿ. ಅರ್ಥ ಆಗ್ಲಿಲ್ವಾ, ಇನ್ನೊಮ್ಮೆ ಹೇಳಿ ಅನ್ನಿ. ಆಗ್ಲೂ ಆಗ್ಲಿಲ್ವಾ, ಮತ್ತೆ ಇನ್ನೊಮ್ಮೆ ಅನ್ನಿ. ಅದಕ್ಕೆ ನಾಚಿಕೆ ಬೇಡ."

'ಇನ್ನೊಮ್ಮೆ ಹೇಳಿ' ಎಂಬುದನ್ನು ಜಪಾನಿಯಲ್ಲಿ ಅವತ್ತು ಅರವತ್ತು ಸಲ ಹೇಳಿಸಿದರು. ರಂಜಿತಳಿಗೆ ಸಿಟ್ಟು ಬಂದಿತ್ತು. ಎರಡು ವರ್ಷ ಮಾತಿಲ್ಲದ ಮನುಷ್ಯನನ್ನು ನೋಡಿಕೊಂಡವಳಿಗೆ ಇವರೇನು ಕಲಿಸುವುದು ಅನ್ನಿಸಿತ್ತು.

ದಿನಾ ಮಧ್ಯಾಹ್ನ ಫೋನು ತೆಗೆದು ನೋಡುತ್ತಿದ್ದಳು. ಮನೆಯಿಂದ ಯಾರೂ ಏನೂ ಕೇಳಿರಲಿಲ್ಲ. ತಾನೇ ಮಾಡಿದರೆ ಮಂಗಳಮ್ಮ, "ಚೆಂದಾಗವ್ನೆ, ಉಂಡ, ಮನೀಕಂಡ," ಎಂದು ಇಟ್ಟುಬಿಡುತ್ತಿದ್ದಳು. ನಾಲ್ಕನೇ ದಿನ ಫೋನು ಎತ್ತಲೇ ಇಲ್ಲ.

ಶುಕ್ರವಾರ ನಾಲ್ಕು ಗಂಟೆಗೆ ಅವಳು ಬಸ್ಸಿಳಿದು ಮನೆಯ ಕಡೆ ತಿರುಗಿದಾಗ ಜಗಲಿಯ ಮೇಲೆ ಮಂಚ ಕಂಡಿತು. ಮನೆಯ ಮುಂದೆ ಮಂಚ ತರುವುದು ಯಾರಾದರೂ ತೀರಿಕೊಂಡಾಗಲೇ. ಬ್ಯಾಗು ಅಪ್ಪಿಕೊಂಡು ಓಡಿದಳು.

ಬೋರಯ್ಯ ಎರಡು ದಿಂಬಿಗೆ ಒರಗಿ ಕೂತಿದ್ದ. ಗಡ್ಡ ಬೋಳಿಸಿತ್ತು. ಹೆಗಲ ಮೇಲೆ ಒಗೆದ ಟವೆಲು. ಮಂಚದ ಕಾಲ ಬಳಿ ಅವನ ಹಳೆಯ ಗೆಳೆಯ ರಾಜೇಂದ್ರ ಕೂತು ನಾಲೆಗೆ ನೀರು ಬಿಟ್ಟಿದ್ದರ ಬಗ್ಗೆ ಒಂದೇ ಸಮನೆ ಹೇಳುತ್ತಿದ್ದ.

"ಯಾರು ಹೊರಗೆ ಹಾಕಿದ್ದು?" ಅಂದಳು ರಂಜಿತ. "ಎಲ್ಲಾರೂ ನೋಡ್ಲಿ ಅಂತಾನಾ?"

ರಾಜೇಂದ್ರ ಎದ್ದು ನಿಂತ. "ನೋಡುದ್ರೆ ಏನಮ್ಮಿ? ನನ್ ಗೆಣೆಕಾರನ್ ಮೊಕ ನೋಡಿ ಎರಡು ವರ್ಷ ಆಗಿತ್ತು ನಂಗೆ."

"ಗಾಡಿ," ಅಂದ ಬೋರಯ್ಯ.

"ಬಂದೆ ಅಪ್ಪ." ರಂಜಿತ ಬ್ಯಾಗು ಎಸೆದು ಅಡುಗೆಮನೆಗೆ ಹೋಗಿ, ಅತ್ತಿಗೆಯನ್ನು ಪಕ್ಕಕ್ಕೆ ಸರಿಸಿ, ಟೀ ಕಾಯಿಸಿ ತಂದಳು. ಅವನು ಲೋಟದ ಕಡೆ ನೋಡಲಿಲ್ಲ. ಕತ್ತು ಬೀದಿಯ ಕಡೆಗಿತ್ತು.

"ಅದಲ್ಲ ರಂಜಿ," ಅಂದಳು ಮೋಹಿನಿ ಹಿಂದಿನಿಂದ.

ಆಗ ತಿರುವಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು. ಬೋರಯ್ಯ ಎಡಗೈ ಎತ್ತಿದ. ಡ್ರೈವರು ಹಾರ್ನ್ ಮಾಡಿ ತಾನೂ ಕೈ ಎತ್ತಿ ಮುಂದೆ ಹೋದ.

"ನಮ್ ಆಲೆಮನೆ ಗಾಡಿ ಬತ್ತಾ ಅಂತ ಕೇಳ್ತದೆ ತಾತ," ಅಂದಳು ಆಶ್ರಿತಾ. "ದಿನಾ ನಾಲ್ಕು ಗಂಟೆಗೆ ಬತ್ತದಲ್ಲ ಅದ್ಕೆ."

ರಂಜಿತ ಲೋಟ ಹಿಡಿದೇ ನಿಂತಳು.

"ನೀನು ಓದ ಮಾರ್ನೇ ದಿನ," ಅಂದಳು ಮೋಹಿನಿ, "ಗಾಡಿ ಅಂದ್ರು. ಆಳೇಲಿ ಬರ್ದಿದ್ಯಲ್ಲ, ಟೀ ಕೊಟ್ಟೆ. ಕೈಯಲ್ಲಿ ತಳ್ಬುಟ್ರು, ಹೊದಿಕೆ ಮೇಲೆಲ್ಲಾ ಚೆಲ್ತು. ನಂಗೂ ರೇಗೋಯ್ತು. ಮತ್ತೇನ್ ಮಾವ, ನಿಜವಾಗ್ಲೂ ಗಾಡಿ ನೋಡ್ಬೇಕಾ ಅಂದೆ. ಅತ್ತುಬುಟ್ರು ಕಣ್ ರಂಜಿ. ಮಗಿನಂಗೆ ಅತ್ತುಬುಟ್ರು. ಆಮ್ಯಾಕೆ ಇವ್ರೂ ರಾಜೇಂದ್ರಣ್ಣನೂ ಸೇರಿ ಮಂಚ ಆಚೆಗ್ ತಂದ್ರು."

"ಎರಡು ವರ್ಷದಿಂದ ಟೀ ಕುಡೀತಿತ್ತಲ್ಲ ಅಪ್ಪ!"

"ಕೊಟ್ರೆ ಕುಡೀದೆ ಏನ್ ಮಾಡಾನು?" ಅಂದಳು ಮಂಗಳಮ್ಮ. ಚುಚ್ಚಬೇಕೆಂದು ಅಂದದ್ದಲ್ಲ.

ರಂಜಿತ ಒಳಗೆ ಬಂದಳು. ಕೋಣೆ ಖಾಲಿಯಾಗಿತ್ತು. ಮಂಚದ ಕಾಲುಗಳಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಗುರುತು. ಮೂಲೆಯಲ್ಲಿ ಆಶ್ರಿತಾಳ ಪುಸ್ತಕಗಳು ಬಂದು ಕೂತಿದ್ದವು. ಅವನಿಗೆ ಉಳಿದಿದ್ದ ಹತ್ತು ಹದಿನೈದು ಪದಗಳಲ್ಲಿ ಒಂದಾದರೂ ಸರಿಯಾದ ಜಾಗದಲ್ಲಿತ್ತು. ಅದನ್ನು ಅವನು ದಿನಾ ಹೇಳುತ್ತಿದ್ದ. ತಾನು ಬಾಗಿಲು ಮುಚ್ಚಿ, ಸಕ್ಕರೆ ಕಮ್ಮಿ ಹಾಕಿ, ಟೀ ಕುಡಿಸಿದ್ದಳು. ಅವಳು ಗೋಡೆಯ ಹಾಳೆ ಕಿತ್ತು ಮಡಿಸಿ ಒಲೆಗೆ ಹಾಕಿದಳು.

ಎರಡು ದಿನ ಹಾಗೇ ಕಳೆದವು. ಪಾಳಿಗೆ ಹೋದಳು, ಬಂದಳು. ಬರುವ ಹೊತ್ತಿಗೆ ಅಪ್ಪನ ಮೈ ಒರೆಸಿ, ಉಣ್ಣಿಸಿ ಆಗಿರುತ್ತಿತ್ತು. ಜಗಲಿಯಲ್ಲಿ ಯಾರಾದರೂ ಇಬ್ಬರು ಕೂತಿರುತ್ತಿದ್ದರು. ಬೋರಯ್ಯ ತಪ್ಪು ತಪ್ಪಾಗಿ ಏನೋ ಅನ್ನುವುದು, ಅವರು ಇನ್ನೇನೋ ತಿಳಿದು ಉತ್ತರ ಕೊಡುವುದು, ಹಾಗೇ ಅರ್ಧ ಗಂಟೆ ಸಾಗುತ್ತಿತ್ತು. ಅವಳಿಗೆ ಬಡಿಸಿದ ತಟ್ಟೆ ಮುಂದೆ ಕೂತರೂ ಕೈ ಓಡುತ್ತಿರಲಿಲ್ಲ.

ಭಾನುವಾರ ಮೋಹಿನಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ರಂಜಿತ ಬಂದು ಎದುರಿಗೆ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡಳು.

"ರೂಮಿಗೇ ಅಂದೆ ಕಣ್ ರಂಜಿ," ಅಂದಳು ಮೋಹಿನಿ. "ಸುಳ್ ಯಾಕ್ ಯೋಳ್ಲಿ. ಆದ್ರೆ ಅದೊಂದೇ ಅಲ್ಲ. ಈ ಮನೇಗ್ ಬಂದು ಹತ್ತು ವರ್ಷ ಆಯ್ತು. ಮಾವಂಗೆ ಒಂದ್ ಲೋಟ ನೀರ್ ತಕೊಂಡೋದ್ರೂ, ನೀವ್ ಬುಡಿ ಅತ್ಗೆ, ನಿಮ್ಗೆ ಗೊತ್ತಾಗಕಿಲ್ಲ ಅಂತಿದ್ದೆ. ಅವರ ಉಚ್ಚೆ ಬಟ್ಟೆ ಒಗಿಯಕ್ಕೆ ನಾನ್ ಬೇಕು, ಮಾತಾಡ್ಸಕ್ಕೆ ಬ್ಯಾಡ. ನೀನ್ ಇರೋಗಂಟ ನಾನು ಈ ಮನೇಲಿ ಕೆಲ್ಸದೋಳೇ ಅನ್ನುಸ್ತಿತ್ತು."

"ಆವತ್ತೇ ಅನ್ನಬೋದಿತ್ತಲ್ಲ ಅತ್ಗೆ."

"ಎಂಗ್ ಅನ್ಲಿ? ನೀನು ಗಂಡನ್ನ ಬಿಟ್ಟು ಬಂದೋಳು. ಒಂದ್ ಮಾತಂದ್ರೆ ಓಡಿಸ್ತಾವ್ಳೆ ಅಂತಾರೆ ಜನ."

ರಂಜಿತ ಸುಲಿದ ಕಾಳನ್ನು ಅತ್ತಿಗೆಯ ಮೊರಕ್ಕೆ ಸುರಿದು ಇನ್ನೊಂದು ಹಿಡಿ ತೆಗೆದುಕೊಂಡಳು. ಮೊರ ತುಂಬುವ ತನಕ ಇಬ್ಬರೂ ಸುಲಿದರು.

ಸೋಮವಾರ ಅವಳಿಗೆ ವಾರದ ರಜೆ. ಬೆಳಿಗ್ಗೆ ತಿಂಡಿ ಆದ ಮೇಲೆ ಜಗಲಿಗೆ ಬಂದು ಮಂಚದ ಅಂಚಿಗೆ ಕೂತಳು. ಮಂಗಳಮ್ಮ ಹೊಸಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಸಂತೋಷ್ ಬೈಕು ಒರೆಸುತ್ತಿದ್ದ.

"ಅಪ್ಪ, ನಾನು ಜಪಾನಿಗೆ ಹೆಸರು ಕೊಡ್ತೀನಿ," ಅಂದಳು. "ಒಂಬತ್ತು ತಿಂಗಳು ಮೈಸೂರಲ್ಲಿ ಹಾಸ್ಟೆಲ್ಲು. ಪಾಸಾದ್ರೆ ಐದು ವರ್ಷ ಅಲ್ಲಿ."

ಸಂತೋಷ್‌ನ ಕೈ ನಿಂತಿತು. "ಸ್ಪ್ಯಾನಿಷ್ ಅಂತ ಆಗಿತ್ತಲ್ಲ!"

"ಯಾಕಮ್ಮಿ?" ಅಂದಳು ಮಂಗಳಮ್ಮ. "ನಿಂಗೆ ಅದೇ ಇಷ್ಟ ಅಂದಿದ್ದೆ. ಮನೇಗ್ ಬರೋ ಭಾಷೆ ಬುಟ್ಟು ಯಾಕ್ ಓಯ್ತೀಯ? ಮೋಹಿನಿ ಏನಾರ ಅಂದ್ಲಾ?"

"ಅತ್ಗೆ ಏನೂ ಅನ್ಲಿಲ್ಲ. ಇಲ್ಲಿದ್ರೆ ನಾನು ಅಪ್ಪನ್ನ ನೋಡ್ಕೊಳ್ಳೋದೊಂದ್ ಬುಟ್ಟು ಬೇರೆ ಏನೂ ಮಾಡಕಿಲ್ಲ ಅವ್ವ. ಬ್ಯಾರೇವ್ರಿಗೂ ಮಾಡಕ್ ಬುಡಕಿಲ್ಲ."

ಬೋರಯ್ಯ ಮಗಳನ್ನೇ ನೋಡುತ್ತಿದ್ದ. ಆಮೇಲೆ ಬಾಯಿ ತೆರೆದ. "ಬೆಲ್ಲ," ಅಂದ. "ಬೆಲ್ಲ... ಆವತ್ತು... ತ್ವಾಟದ... ನಿಮ್ಮವ್ವ... ಬೆಲ್ಲ, ಅಲ್ಲ, ಬಾಗ್ಲು... ಬಾಗ್ಲು..." ಒಂದೇ ಉಸಿರಿಗೆ ಅಷ್ಟು ಪದ ಎರಡು ವರ್ಷದಲ್ಲಿ ಅವನು ಆಡಿರಲಿಲ್ಲ.

"ಓಗ್ಬ್ಯಾಡ ಅಂತಾವ್ನೆ," ಅಂದಳು ಮಂಗಳಮ್ಮ.

"ಇಲ್ಲ ಅವ್ವ, ಬಾಗ್ಲು ತೆಗ್ದದೆ ಓಗು ಅಂತಾವ್ರೆ," ಅಂದ ಸಂತೋಷ್. "ಅಲ್ವೇನಮ್ಮಿ? ನೀನ್ ಯೋಳು."

ಎಲ್ಲರೂ ರಂಜಿತಳ ಕಡೆ ನೋಡಿದರು. ಎರಡು ವರ್ಷ ಹೀಗೇ ನೋಡುತ್ತಿದ್ದರು. ಅವಳು ತಟಕ್ಕನೆ ಅರ್ಥ ಹೇಳುತ್ತಿದ್ದಳು, ಅದೇ ಅಪ್ಪನ ಮಾತಾಗುತ್ತಿತ್ತು. ಈಗ ಯಾವುದು ಹೇಳಿದರೂ ಅವರು ನಂಬುತ್ತಿದ್ದರು.

ಅವಳು ಅಪ್ಪನ ಕಡೆ ಬಾಗಿದಳು. "ನಂಗ್ ಗೊತ್ತಾಗ್ಲಿಲ್ಲ ಅಪ್ಪ. ಇನ್ನೊಂದ್ ಸಲ ಯೋಳು."

ಬೋರಯ್ಯ ಬೆಚ್ಚಿದವನಂತೆ ಅವಳನ್ನು ನೋಡಿದ. ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ. ಮತ್ತೆ ಶುರುಮಾಡಿದ. ಈ ಸಲ ಬೇರೆ ಪದಗಳು ಬಂದವು. ಮಳೆ ಅಂದ, ಸಣ್ಣಕ್ಕಿ ಅಂದ, ಅವಳ ಹೆಸರು ಹೇಳಲು ಹೋಗಿ ಮೋಹಿನಿಯ ಹೆಸರು ಹೇಳಿದ. ಹಣೆಯಲ್ಲಿ ಬೆವರು ಮೂಡಿತು.

"ಆಗ್ಲಿಲ್ಲ ಅಪ್ಪ. ಇನ್ನೊಂದ್ ಸಲ."

ಮೂರನೇ ಸಲ ಅರ್ಧಕ್ಕೇ ನಿಂತ. ಎಡಗೈಯಿಂದ ಮಂಚದ ಪಟ್ಟಿಯನ್ನು ಎರಡು ಸಲ ಗುದ್ದಿದ. ಆಮೇಲೆ ಆ ಕೈಯಲ್ಲೇ ಅವಳ ಮಣಿಕಟ್ಟು ಹಿಡಿದುಕೊಂಡ. ಬಿಗಿಯಾಗಿ ಹಿಡಿದಿದ್ದ. ಹೋಗಬೇಡ ಎಂದು ಹಿಡಿದದ್ದೋ, ಮಾತು ಬಾರದ್ದಕ್ಕೆ ಹಿಡಿದದ್ದೋ ಅವಳಿಗೆ ತಿಳಿಯಲಿಲ್ಲ. ತಿಳಿದವಳಂತೆ ನಟಿಸಲೂ ಇಲ್ಲ. ಸಂತೋಷ್ ಬೈಕು ಹತ್ತಿ ಹೋದ. ಮಂಗಳಮ್ಮ ಕಣ್ಣೊರೆಸಿಕೊಂಡು ಒಳಗೆದ್ದಳು. ಬಿಸಿಲು ಜಗಲಿಯ ಅರ್ಧಕ್ಕೆ ಬರುವ ತನಕ ಅಪ್ಪ ಮಗಳು ಹಾಗೇ ಕೂತಿದ್ದರು.

ಬುಧವಾರ ಅವಳು ಮಂಡ್ಯಕ್ಕೆ ಹೋಗಿ ಹೆಸರು ಬರೆದುಕೊಟ್ಟಳು. ಮೆಟ್ಟಿಲಲ್ಲಿ ಸ್ವರೂಪ್ ಸಿಕ್ಕಿ, "ನಿಮ್ಮ ಉಚ್ಚಾರಣೆ ಎಷ್ಟು ಚೆನ್ನಾಗಿತ್ತು!" ಎಂದು ನೊಂದುಕೊಂಡ. ಅವಳು ನಕ್ಕಳು. ಮುಂದಿನ ವಾರ ಒಂದು ಬ್ಯಾಗು, ಒಂದು ಚಾಪೆ ಹಿಡಿದು ಹೊರಟಾಗ ಮಂಗಳಮ್ಮ ಬಸ್‌ ಸ್ಟಾಪಿನವರೆಗೆ ಬಂದು ಬೈದುಕೊಂಡೇ ಕಳಿಸಿದಳು. ಮೋಹಿನಿ ಹುರಿದ ಕಡಲೆಬೀಜದ ಡಬ್ಬಿ ಕೈಗಿಟ್ಟು, "ಅಲ್ಲಿ ಊಟ ಎಂಗದೋ," ಅಂದಳು.

ಹಾಸ್ಟೆಲಿನಲ್ಲಿ ಹದಿನಾಲ್ಕು ಹುಡುಗಿಯರಿದ್ದರು. ಹೆಚ್ಚಿನವರು ಇಪ್ಪತ್ತೆರಡು ಇಪ್ಪತ್ಮೂರರವರು. ಇವಳನ್ನು ಅಕ್ಕ ಎಂದು ಕರೆದು, ತಮ್ಮ ತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದರು. ರಂಜಿತ ಬೆಳಿಗ್ಗೆ ಎದ್ದು ಅಕ್ಷರ ತಿದ್ದುತ್ತಿದ್ದಳು. ಹತ್ತು ಕಲಿತರೆ ಆರು ಮರೆಯುತ್ತಿದ್ದವು. ಸಂಜೆ ನಾಲ್ಕು ಗಂಟೆಗೆ, ಅಪ್ಪನಿಗೆ ಟೀ ಕೊಡುತ್ತಿದ್ದ ಹೊತ್ತಿಗೆ, ತಾನಾಗಿಯೇ ಏಳುವಂತಾಗಿ, ಎದ್ದು ನಿಂತು, ಮಾಡುವುದೇನೂ ಇಲ್ಲವೆಂದು ಮತ್ತೆ ಕೂರುತ್ತಿದ್ದಳು.

ಮೂರನೇ ಭಾನುವಾರ ಮಧ್ಯಾಹ್ನ ಮೋಹಿನಿ ವಿಡಿಯೋ ಕಾಲ್ ಮಾಡಿದಳು. ಆಶ್ರಿತಾ ಪರೀಕ್ಷೆಯ ವಿಷಯ ಹೇಳಿದಳು. ಮಂಗಳಮ್ಮ ಮಂಡಿಗೆ ಹೊಸ ಎಣ್ಣೆ ತಂದಿದ್ದು ಹೇಳಿದಳು. ಆಮೇಲೆ ಫೋನನ್ನು ಬೋರಯ್ಯನ ಮುಂದೆ ಹಿಡಿದರು.

"ಅಪ್ಪ, ಉಂಡ್ಯಾ?"

ಅವನು ಪರದೆಯನ್ನು ನೋಡಿದ. ಹುಬ್ಬು ಕೂಡಿಸಿ ನೋಡಿದ. ಅಷ್ಟರಲ್ಲಿ ಬೀದಿಯಲ್ಲಿ ಯಾರೋ ಕೂಗಿದರು, ಅವನು ಅತ್ತ ತಿರುಗಿದ.

"ಮಾವ, ಇತ್ಲಾಗ್ ನೋಡಿ, ರಂಜಿ ಅವ್ಳೆ ಇಲ್ಲಿ."

"ಬುಡಿ ಅತ್ಗೆ," ಅಂದಳು ರಂಜಿತ.

"ತಾಳು, ಒಲೆ ಮ್ಯಾಲೆ ಅನ್ನ ಅದೆ, ಬಂದೆ." ಮೋಹಿನಿ ಫೋನನ್ನು ದಿಂಬಿಗೆ ಒರಗಿಸಿ ಒಳಗೆ ಹೋದಳು. ಪರದೆಯ ತುಂಬ ಅಪ್ಪನ ಒಂದು ಕಿವಿ, ಬೋಳಿಸಿದ ಕೆನ್ನೆ. ಅದೂ ಸ್ವಲ್ಪ ಹೊತ್ತು. ಅವನು ಅಲುಗಿದ್ದಕ್ಕೆ ಫೋನು ಜಾರಿ ಹಾಸಿಗೆಯ ಮೇಲೆ ಮಕಾಡೆ ಬಿತ್ತು, ಎಲ್ಲ ಕತ್ತಲಾಯಿತು. ದನಿ ಮಾತ್ರ ಬರುತ್ತಿತ್ತು. ಬೋರಯ್ಯ ಬೀದಿಯವರಿಗೆ ಏನೋ ಹೇಳುತ್ತಿದ್ದ. ಅವರು ಹತ್ತಿರ ಬಂದು, "ಏನ್ ಬೋರಣ್ಣ? ಇನ್ನೊಂದ್ ಕಿತ ಯೋಳು," ಅಂದರು. ಅವನು ಮತ್ತೆ ಹೇಳಿದ. ಯಾರೋ ನಕ್ಕರು, ಅವನೂ ನಕ್ಕ.

"ಅಕ್ಕಾ, ಊಟಕ್ಕೆ!" ಹಾಸ್ಟೆಲಿನ ಹುಡುಗಿಯರು ಕೆಳಗಿನಿಂದ ಕರೆದರು.

"ನೀವ್ ಶುರು ಮಾಡಿ," ಅಂದಳು ರಂಜಿತ. ಫೋನನ್ನು ಕಿವಿಗೆ ಒತ್ತಿಕೊಂಡು, ತಾನಿರುವುದು ಅಲ್ಲಿ ಯಾರಿಗೂ ನೆನಪಿಲ್ಲವೆಂದು ಗೊತ್ತಿದ್ದೂ, ಕೇಳುತ್ತ ನಿಂತಳು.